ನಲಿ-ಕಲಿ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಪೋಷಕರಿಗೆ ತಿಳಿಸುವುದು ಹೇಗೆ?

ಶಿಡ್ಲಘಟ್ಟದ ಶಿಕ್ಷಕಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪುಗಳಾಗಿ ಕುಳಿತು, ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಪಟವಾದ ಕಲಿಕಾ ಏಣಿಯಲ್ಲಿ ತಾವು ಯಾವ ಮೆಟ್ಟಿಲಿನಲ್ಲಿದ್ದಾರೋ ಆ ಮೆಟ್ಟಿಲಿನ ಕಾರ್ಡನ್ನು ತಾವೇ ತೆಗೆದುಕೊಂಡು ಕಲಿಯುತ್ತಾರೆ ಎಂಬುದು ಇಲ್ಲಿರುವ ಶಿಕ್ಷಕರಿಗೆಲ್ಲ ಗೊತ್ತಿರುವ ವಿಷಯ. ಆದರೆ ಇದೇ ಸಂಗತಿ ನಮ್ಮೂರಿನ ಪೋಷಕರಿಗೆ ಇನ್ನೂ ಒಗಟಾಗಿಯೇ ಉಳಿದಿದೆ.

ಅವರು ಕೇಳುವ ಪ್ರಶ್ನೆಗಳು ಹೀಗಿವೆ: ಮೂರನೇ ಕ್ಲಾಸಿನ ಹುಡುಗನನ್ನು ಒಂದನೇ ಕ್ಲಾಸಿನವರ ಜೊತೆ ಏಕೆ ಕೂರಿಸಿದ್ದೀರಿ, ಎಷ್ಟನೇ ಪಾಠ ಮುಗಿಯಿತು, ಹೋಂವರ್ಕ್ ಏಕೆ ಕೊಡುವುದಿಲ್ಲ, ಮಾರ್ಕ್ಸ್ ಕಾರ್ಡ್ ಯಾವಾಗ ಕೊಡುತ್ತೀರಿ. ಪಕ್ಕದ ಮನೆಯ ಮಗು ಕಾನ್ವೆಂಟಿನ ವ್ಯಾನಿನಿಂದಿಳಿದು ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಬರುವಾಗ, ತಮ್ಮ ಮಗು ಹಾಡು ಹೇಳಿಕೊಂಡು ಬರಿಗೈಯಲ್ಲಿ ಮನೆಗೆ ಬಂದರೆ ಅವರಿಗೆ ಅನುಮಾನ ಬರುವುದು ಸಹಜ. ಇಷ್ಟೆಲ್ಲ ಕೇಳುತ್ತಾರೆಂದರೆ ಅವರಿಗೆ ಮಕ್ಕಳ ಓದಿನ ಬಗ್ಗೆ ಕಾಳಜಿಯಿದೆ ಎಂದೇ ನಾನು ತಿಳಿದುಕೊಂಡಿದ್ದೇನೆ.

ತಿಳಿಸುವ ದಾರಿಗಳಲ್ಲೇ ತೊಡಕಿದೆ. ಇಲ್ಲಿ ಬಹುತೇಕ ಕುಟುಂಬಗಳು ರೇಷ್ಮೆ ಹುಳು ಸಾಕುತ್ತವೆ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಹಣ್ಣಾಗುವವರೆಗಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ವಾರದಲ್ಲಿ ಸೊಪ್ಪು ತರುವುದು, ಹಾಕುವುದು, ಮತ್ತೆ ತರುವುದು ಇದರ ಹೊರತು ಮನೆಯವರಿಗೆ ಬೇರೇನೂ ಕಾಣುವುದಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುವ ದಿನವಂತೂ ಮಕ್ಕಳನ್ನೂ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ. ಎಲ್ಲರ ಮನೆಯ ಬೆಳೆಯೂ ಒಂದೇ ಸಮಯಕ್ಕೆ ಬರುವುದಿಲ್ಲವಾದ್ದರಿಂದ ಸಭೆಗೆ ಯಾವ ದಿನ ಗೊತ್ತುಮಾಡಿದರೂ ಅರ್ಧದಷ್ಟು ಮನೆಗಳಿಗೆ ಅದು ಅನುಕೂಲವಾಗುವುದಿಲ್ಲ. ಮಕ್ಕಳ ಕೈಯಲ್ಲಿ ಚೀಟಿ ಕಳುಹಿಸಿದರೆ ಅದು ಚೀಲದ ತಳ ಸೇರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಸೂಚನೆ ಹಬ್ಬದ ಶುಭಾಶಯಗಳ ನಡುವೆ ಕಳೆದುಹೋಗುತ್ತದೆ. ಇದರ ಜೊತೆಗೆ ಕೆಲವು ಮನೆಗಳ ಮಾತು ತೆಲುಗು, ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸದಲ್ಲಿರುವ ಕೆಲವು ಕುಟುಂಬಗಳ ಮಾತು ಉರ್ದು.

ವರ್ಷದ ಆರಂಭದಲ್ಲಿ ಪೋಷಕರಿಗೆ ಏನೇನು ಹೇಳಬೇಕು, ನಂತರ ಎಷ್ಟು ದಿನಕ್ಕೊಮ್ಮೆ ಹೇಳಬೇಕು, ಬರಲಾಗದವರನ್ನು ತಲುಪುವುದು ಹೇಗೆ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಪಾವಗಡದ ಶಿಕ್ಷಕ ಉತ್ತರಿಸಿದ್ದಾರೆ:

ಮೇಡಂ, ನಲಿ-ಕಲಿಯನ್ನು ಮಾತಿನಲ್ಲಿ ವಿವರಿಸಲು ಹೊರಟರೆ ಪೋಷಕರು ತಲೆಯಾಡಿಸುತ್ತಾರೆಯೇ ಹೊರತು ಅವರಿಗೆ ಏನೂ ಅರ್ಥವಾಗಿರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಇದು ಆರಂಭವಾಯಿತು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆಯಿತು ಎಂಬ ಚರಿತ್ರೆ ತರಬೇತಿಗೆ ಬಂದ ಶಿಕ್ಷಕರಿಗೆ ಸಾಕು. ಪೋಷಕರು ನೋಡಬೇಕಾದದ್ದು ತಮ್ಮ ಮಗು ಏಣಿಯ ಎಲ್ಲಿ ನಿಂತಿದೆ ಎಂಬುದನ್ನು. ಆದ್ದರಿಂದ ನಾನು ಅವರನ್ನು ಸಭೆಗೆ ಕರೆಯುವ ಬದಲು ತರಗತಿಗೇ ಕರೆಯುತ್ತೇನೆ. ಮಗುವನ್ನು ಬಿಡಲು ಬಂದ ತಾಯಿಯನ್ನೋ ಅಜ್ಜಿಯನ್ನೋ ಅರ್ಧ ಗಂಟೆ ಒಳಗೆ ಕೂರಿಸುತ್ತೇನೆ. ಮಗು ಏಣಿಯ ಮುಂದೆ ನಿಂತು ತಾನಿರುವ ಮೆಟ್ಟಿಲಿನ ಚಿಹ್ನೆಯನ್ನು ತೋರಿಸಿ, ಅದೇ ಚಿಹ್ನೆಯ ಕಾರ್ಡನ್ನು ಹುಡುಕಿ ತಂದು, ತನ್ನ ತಟ್ಟೆಯ ಗುಂಪಿಗೆ (ಎಷ್ಟು ಸಹಾಯ ಬೇಕೆಂಬುದರ ಮೇಲೆ ಮಾಡಿದ ಗುಂಪಿಗೆ) ಹೋಗಿ ಕೂರುವುದನ್ನು ಅವರು ಕಣ್ಣಾರೆ ನೋಡುತ್ತಾರೆ. ಶಿಕ್ಷಕರ ಪೂರ್ಣ ಸಹಾಯದ ಗುಂಪಿನಲ್ಲಿದ್ದ ಮಗು ಕೆಲವು ದಿನಗಳ ನಂತರ ಗೆಳೆಯರ ಸಹಾಯದ ಗುಂಪಿಗೆ, ಅಲ್ಲಿಂದ ಸ್ವಕಲಿಕೆಯ ಗುಂಪಿಗೆ ಹೋದದ್ದನ್ನು ಒಮ್ಮೆ ನೋಡಿದವರು ಮತ್ತೆ ಎಷ್ಟನೇ ಪಾಠವೆಂದು ಕೇಳುವುದಿಲ್ಲ; ಏಣಿಯ ಎಷ್ಟನೇ ಮೈಲಿಗಲ್ಲು (ಕೆಲವು ಮೆಟ್ಟಿಲುಗಳು ಸೇರಿದ ಹಂತ) ಎಂದು ಕೇಳುತ್ತಾರೆ. ದೊಡ್ಡವರೂ ಚಿಕ್ಕವರೂ ಏಕೆ ಒಟ್ಟಿಗೆ ಕುಳಿತಿದ್ದಾರೆ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ, ಏಕೆಂದರೆ ಚಿಕ್ಕವನಿಗೆ ಹೇಳಿಕೊಡುತ್ತಿರುವ ದೊಡ್ಡವನೇ ಹೆಚ್ಚು ಕಲಿಯುತ್ತಿರುವುದು ಅವರ ಕಣ್ಣಿಗೆ ಬೀಳುತ್ತದೆ. ತಲೆಯ ಮೇಲಿನ ಕಲಿಕಾ ಚಪ್ಪರದಲ್ಲಿ ನೇತುಹಾಕಿದ ಹಾಳೆಗಳಲ್ಲಿ ತಮ್ಮ ಮಗುವಿನದು ಯಾವುದು ಎಂದು ಹುಡುಕುವಾಗ ಅವರ ಮುಖವನ್ನು ನೀವು ನೋಡಬೇಕು.

ಎರಡನೆಯದಾಗಿ, ವರ್ಷದ ಕೊನೆಗೆ ಮಗುವಿಗೆ ಏನು ಬರಬೇಕು ಎಂಬುದನ್ನು ಜೂನ್ ತಿಂಗಳಲ್ಲೇ ಅವರು ತಾವಾಗಿಯೇ ಪರೀಕ್ಷಿಸಬಹುದಾದ ಮಾತುಗಳಲ್ಲಿ ಹೇಳಿಬಿಡಿ. ಮೂರನೇ ತರಗತಿಯೊಳಗೆ ಮಕ್ಕಳಿಗೆ ಓದು, ಬರಹ, ಲೆಕ್ಕ ಬರುವಂತೆ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ ಭಾರತ ಕಾರ್ಯಕ್ರಮದ ಗುರಿಗಳು ಇದಕ್ಕೆ ಅನುಕೂಲವಾಗಿವೆ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳಿರುವ, ಹಿಂದೆ ನೋಡಿರದ ಚಿಕ್ಕ ವಾಕ್ಯವನ್ನು ಮಗು ಓದಬೇಕು ಮತ್ತು 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು. ಎರಡನೇ ತರಗತಿಯಲ್ಲಿ ಸಂಖ್ಯೆಗಳು 999ರವರೆಗೆ, ಮೂರನೆಯದರಲ್ಲಿ 9999ರವರೆಗೆ ಹೋಗುತ್ತವೆ. ಮೂರನೇ ತರಗತಿಯ ಮಗು ಅರ್ಥ ತಿಳಿದುಕೊಂಡು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಓದಬೇಕು. ನಿಮಿಷದ ಲೆಕ್ಕವನ್ನು ನಾನು ಪೋಷಕರಿಗೆ ಹೇಳುವುದಿಲ್ಲ, ಏಕೆಂದರೆ ಗಡಿಯಾರ ಹಿಡಿದು ಮಗುವನ್ನು ಓಡಿಸುವವರು ಹುಟ್ಟಿಕೊಳ್ಳುತ್ತಾರೆ. ಅದರ ಬದಲು ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ರೇಷನ್ ಕಾರ್ಡಿನಲ್ಲಿರುವ ಮನೆಯವರ ಹೆಸರು ಇವನ್ನು ಓದಿಸಿ ನೋಡಿ ಎನ್ನುತ್ತೇನೆ. ಸ್ವತಃ ಓದುಬರಹ ತಿಳಿಯದವರೂ ತಮ್ಮ ಹೆಸರನ್ನು ಮಗು ಓದಿತೋ ಇಲ್ಲವೋ ಎಂಬುದನ್ನು ತಿಳಿಯಬಲ್ಲರು.

ತೆಲುಗಿನ ವಿಷಯ. ನಮ್ಮ ತಾಲ್ಲೂಕಿನ ಬಹಳಷ್ಟು ಮನೆಗಳಲ್ಲಿ ತೆಲುಗೇ ಮನೆಮಾತು. ವಾರಕ್ಕೊಮ್ಮೆ ಒಂದು ನಿಮಿಷ ಮೀರದ ಧ್ವನಿ ಸಂದೇಶವನ್ನು ಮೊದಲು ಕನ್ನಡದಲ್ಲಿ, ನಂತರ ತೆಲುಗಿನಲ್ಲಿ ಕಳುಹಿಸುತ್ತೇನೆ. ಈ ವಾರ ಮಕ್ಕಳು ಏನು ಕಲಿಯುತ್ತಿದ್ದಾರೆ, ಮುಂದಿನ ವಾರ ಮನೆಯಿಂದ ಏನಾದರೂ ತರಬೇಕೇ, ಮಗುವನ್ನು ಯಾವ ಪ್ರಶ್ನೆ ಕೇಳಬಹುದು ಎಂಬಷ್ಟೇ ಅದರಲ್ಲಿರುತ್ತದೆ. ಮನೆಯಲ್ಲಿ ತೆಲುಗಿನಲ್ಲೇ ಕಥೆ ಹೇಳಿ, ಅದರಿಂದ ಶಾಲೆಯ ಕನ್ನಡ ಕೆಡುವುದಿಲ್ಲ ಎಂಬುದನ್ನೂ ಆಗಾಗ ಸೇರಿಸುತ್ತೇನೆ, ಏಕೆಂದರೆ ಕೆಲವರು ತಮಗೆ ಸರಿಯಾಗಿ ಬಾರದ ಕನ್ನಡದಲ್ಲಿ ಮಾತನಾಡಲು ಹೋಗಿ ಮಗುವಿನ ಜೊತೆ ಮಾತನ್ನೇ ಕಡಿಮೆ ಮಾಡಿಬಿಡುತ್ತಾರೆ.

ಮಾಲೂರಿನ ಪೋಷಕ ಉತ್ತರಿಸಿದ್ದಾರೆ:

ನಾನು ಶಿಕ್ಷಕನಲ್ಲ, ಎರಡನೇ ತರಗತಿಯ ಹುಡುಗಿಯ ತಂದೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ನನ್ನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಪೋಷಕರ ಕಡೆಯಿಂದ ಕೆಲವು ಮಾತುಗಳನ್ನು ಹೇಳಬೇಕೆನಿಸಿತು. ಮೇಷ್ಟ್ರುಗಳು ತಪ್ಪು ತಿಳಿಯಬಾರದು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಎಂದು ಹಿಂದಿನ ದಿನ ಸಂಜೆ ತಿಳಿಸಿದರೆ ನಮ್ಮಂಥವರು ಬರುವುದು ಸಾಧ್ಯವಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ತಿಂಗಳ ಹಾಜರಾತಿ ಭತ್ಯೆಯೂ ಹೋಗುತ್ತದೆ. ಒಂದು ವಾರ ಮೊದಲೇ ತಿಳಿಸಿದರೆ ಪಾಳಿ ಬದಲಾಯಿಸಿಕೊಳ್ಳಲು ಜೊತೆಯವರನ್ನು ಕೇಳಬಹುದು. ಹಾಗೆ ಬಂದಾಗ ಅತಿಥಿಗಳ ಸ್ವಾಗತ, ಹಾರ, ಭಾಷಣಗಳಲ್ಲೇ ಒಂದು ಗಂಟೆ ಕಳೆದು, ನಮ್ಮ ಮಗುವಿನ ಬಗ್ಗೆ ಎರಡು ಮಾತೂ ಕೇಳದೆ ವಾಪಸ್ಸು ಹೋಗುವಂತಾದರೆ ಮುಂದಿನ ಸಲ ಯಾರು ಬರುತ್ತಾರೆ?

ಶಾಲೆಯಿಂದ ಫೋನು ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಮಗುವಿಗೆ ಜ್ವರ ಬಂದಾಗ, ಜಗಳವಾಡಿದಾಗ, ಆಧಾರ್ ನಕಲು ಬೇಕಾದಾಗ ಮಾತ್ರ ಫೋನು ಬರುತ್ತದೆ. ನಮ್ಮ ಮಗಳ ಈಗಿನ ಶಿಕ್ಷಕಿ ಒಂದು ಸಂಜೆ ಫೋನು ಮಾಡಿ, ಅವಳು ಕಳೆಯುವ ಲೆಕ್ಕವನ್ನು ಕಡ್ಡಿಯಿಲ್ಲದೆ ಮಾಡಿದಳು ಎಂಬಷ್ಟನ್ನೇ ಹೇಳಿ ಇಟ್ಟರು. ಆ ಮೇಲೆ ಅವರು ಏನು ಹೇಳಿದರೂ ನಮ್ಮ ಮನೆಯಲ್ಲಿ ನಡೆಯುತ್ತದೆ. ದೂರು ಹೇಳಿದರೂ ಬೇಸರವಾಗುವುದಿಲ್ಲ.

ಇನ್ನೊಂದು ವಿಷಯ. ಸಂದೇಶದಲ್ಲಿ ನಾವು ಮಾಡಬೇಕಾದದ್ದು ಯಾವುದು, ಕೇವಲ ತಿಳಿದುಕೊಳ್ಳಬೇಕಾದದ್ದು ಯಾವುದು ಎಂಬುದು ಮೊದಲ ಸಾಲಿನಲ್ಲೇ ಸ್ಪಷ್ಟವಾಗಿರಲಿ. ಶುಕ್ರವಾರ ಗಿಡದ ಎಲೆಗಳನ್ನು ತರಬೇಕು ಎಂಬುದು ಮಾಡಬೇಕಾದದ್ದು. ಎಲೆಗಳ ಆಕಾರವನ್ನು ಗುರುತಿಸುವ ಚಟುವಟಿಕೆ ಇದೆ ಎಂಬುದು ತಿಳಿದುಕೊಳ್ಳಬೇಕಾದದ್ದು. ಎರಡೂ ಒಂದೇ ದೊಡ್ಡ ಸಂದೇಶದಲ್ಲಿ ಕಲಸಿಹೋದರೆ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಓದುವ ತಾಳ್ಮೆ ಇರುವುದಿಲ್ಲ. ಥರ್ಮೋಕೋಲ್, ಬಣ್ಣದ ಹಾಳೆ, ಮಿನುಗು ಪುಡಿ ಬೇಕಾಗುವ ಪ್ರಾಜೆಕ್ಟ್‌ಗಳನ್ನು ದಯವಿಟ್ಟು ಕೊಡಬೇಡಿ. ಹಣ ನಮ್ಮದು, ಕೆಲಸ ಸ್ಟೇಷನರಿ ಅಂಗಡಿಯವನದು, ಮಗು ಸುಮ್ಮನೆ ಹೊತ್ತುಕೊಂಡು ಬರುತ್ತದೆ ಅಷ್ಟೇ.

ತಿಪಟೂರಿನ ನಿವೃತ್ತ ಮುಖ್ಯ ಶಿಕ್ಷಕ ಉತ್ತರಿಸಿದ್ದಾರೆ:

ಮಾಲೂರಿನವರ ಮಾತನ್ನು ಪ್ರತಿ ಶಾಲೆಯ ಕಚೇರಿಯ ಗೋಡೆಯ ಮೇಲೆ ಬರೆಸಬೇಕು. ಪಾವಗಡದ ಸರ್ ಹೇಳಿದ ಕ್ರಮವೂ ಒಳ್ಳೆಯದೇ. ಆದರೆ ತರಗತಿಗೆ ಬಂದು ಕೂರುವವರು ಹೇಗಿದ್ದರೂ ಶಾಲೆಯ ಕಡೆಗೆ ಸುಳಿಯುವವರೇ. ಶಾಲೆಯ ಗೇಟು ದಾಟಲು ಸಂಕೋಚಪಡುವ ಮನೆಗಳು ಪ್ರತಿ ಊರಿನಲ್ಲೂ ಇರುತ್ತವೆ, ಅವು ಸಾಮಾನ್ಯವಾಗಿ ಒಂದೇ ಕೇರಿಯಲ್ಲಿರುತ್ತವೆ ಎಂಬುದೂ ನಮಗೆಲ್ಲ ಗೊತ್ತಿದೆ. ಅವರು ಬರಲಿಲ್ಲವೆಂದು ವರದಿ ಬರೆಯುವುದು ಸುಲಭ. ನನ್ನ ಸೇವಾವಧಿಯಲ್ಲಿ ನಾನು ಒಂದು ದೊಡ್ಡ ಸಭೆಯನ್ನು ಒಡೆದು ಕೇರಿಗೊಂದರಂತೆ ಚಿಕ್ಕ ಕೂಟಗಳನ್ನಾಗಿ ಮಾಡಿಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿನ ಅಂಗನವಾಡಿಯ ಜಗಲಿಯಲ್ಲೋ ಗುಡಿಯ ಕಟ್ಟೆಯ ಮೇಲೋ ಕುಳಿತು ಮಾತನಾಡುತ್ತಿದ್ದೆ. ಗುಡಿಯ ಕಟ್ಟೆಗೆ ಎಲ್ಲರೂ ಬರುವ ಹಾಗಿಲ್ಲದ ಕಡೆ ಅದನ್ನು ಆರಿಸಿಕೊಳ್ಳುತ್ತಿರಲಿಲ್ಲ. ಮಕ್ಕಳು ಬರೆದ, ಮಾಡಿದ ಹಾಳೆಗಳನ್ನು ಸೇರಿಸಿಟ್ಟ ಕೃತಿ ಸಂಪುಟಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಜೂನ್‌ನಲ್ಲಿ ಬರೆದ ಹಾಳೆಯನ್ನೂ ಅಕ್ಟೋಬರ್‌ನಲ್ಲಿ ಬರೆದ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಪ್ರಗತಿಯನ್ನು ತಿಳಿಯಲು ಅಂಕಪಟ್ಟಿ ಬೇಕಾಗುವುದಿಲ್ಲ.

ಇದು ನಮ್ಮ ಒಳ್ಳೆಯತನದ ಮೇಲೆ ಬಿಟ್ಟ ವಿಷಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಮತ್ತು ಇತರ ಸಂಬಂಧಪಟ್ಟ ಸಂಗತಿಗಳನ್ನು ತಿಳಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಅದೇ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿದೆ. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿಯ ಸಭೆಯೆಂದರೆ ಕಾಂಪೌಂಡು, ಶೌಚಾಲಯ, ಬಿಸಿಯೂಟದ ದಾಸ್ತಾನು ಇವುಗಳಲ್ಲೇ ಮುಗಿಯುತ್ತದೆ. ಅವು ಬೇಡವೆನ್ನುವುದಿಲ್ಲ. ಆದರೆ ಅದೇ ಸಭೆಯಲ್ಲಿ ಹತ್ತು ನಿಮಿಷ ತರಗತಿಯ ಕಲಿಕೆಗೆ ಮೀಸಲಿಟ್ಟರೆ, ಸಮಿತಿಯ ತಾಯಂದಿರೇ ತಮ್ಮ ಬೀದಿಯಲ್ಲಿ ನಿಮಗಿಂತ ಚೆನ್ನಾಗಿ ವಿವರಿಸುತ್ತಾರೆ. ಸಂಕಲನಾತ್ಮಕ ಮೌಲ್ಯಮಾಪನದ (ಅವಧಿಯ ಕೊನೆಯ ಪರೀಕ್ಷೆಯ) ನಂತರ ಬರುವ, ಮಕ್ಕಳ ಪ್ರಗತಿಯನ್ನು ಪೋಷಕರಿಗೆ ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವನ್ನೂ ಸಹಿ ಹಾಕಿಸಿಕೊಳ್ಳುವ ದಿನವನ್ನಾಗಿ ಮಾಡದೆ, ಪ್ರತಿ ಮನೆಯವರಿಗೂ ಐದೈದು ನಿಮಿಷ ಪ್ರತ್ಯೇಕವಾಗಿ ಕೊಡುವ ದಿನವನ್ನಾಗಿ ಮಾಡಿಕೊಳ್ಳಬಹುದು.

ಹೋಂವರ್ಕಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಪೋಷಕರನ್ನು ಸಮಾಧಾನಪಡಿಸಲು ಕೊಡಬೇಡಿ. ಕೇಂದ್ರದ 2020ರ ಶಾಲಾ ಚೀಲ ನೀತಿ ಎರಡನೇ ತರಗತಿಯವರೆಗೆ ಮನೆಗೆಲಸ ಬೇಡವೆಂದೂ ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯೆಂದೂ ಹೇಳಿದೆ. ಇದನ್ನು ಪೋಷಕರ ಮುಂದೆ ಮುಚ್ಚಿಡದೆ ಹೇಳಿ, ಅದರ ಜೊತೆಗೇ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನೂ ತಿಳಿಸಿ. ನಮ್ಮ ಕಡೆ ಕೊಬ್ಬರಿ ಲೆಕ್ಕ, ತೆಂಗಿನಕಾಯಿ ಎಣಿಕೆ ಮಕ್ಕಳಿಗೆ ಹೇಳಿಮಾಡಿಸಿದ ಗಣಿತ. ನಿಮ್ಮ ಕಡೆ ಗೂಡಿನ ತೂಕ, ಕಿಲೋ ಬೆಲೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಇವೆಯಲ್ಲ. ದುಡಿಯಲು ಕರೆದುಕೊಳ್ಳಿ ಎಂದು ಇದರ ಅರ್ಥವಲ್ಲ. ಎಣಿಸಲು, ಅಂದಾಜು ಮಾಡಲು ಕೇಳಿ ಎಂದು ಅರ್ಥ. ಈ ವ್ಯತ್ಯಾಸವನ್ನು ಪೋಷಕರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ತುಮಕೂರಿನ ಖಾಸಗಿ ಶಾಲಾ ಶಿಕ್ಷಕಿ ಉತ್ತರಿಸಿದ್ದಾರೆ:

ನಮ್ಮ ಸಮಸ್ಯೆ ನಿಮ್ಮದಕ್ಕೆ ವಿರುದ್ಧವಾದದ್ದು. ಡೈರಿ, ಆ್ಯಪ್, ವಾಟ್ಸ್‌ಆ್ಯಪ್ ಗುಂಪು ಮೂರರಲ್ಲೂ ಪ್ರತಿದಿನ ಸಂದೇಶ ಹೋಗಬೇಕು, ಜೊತೆಗೆ ಫೋಟೊಗಳೂ ಹೋಗಬೇಕು. ಪಾಠ ಮಾಡುವುದಕ್ಕಿಂತ ಪಾಠ ಮಾಡುತ್ತಿರುವ ಫೋಟೊ ತೆಗೆಯುವುದೇ ದೊಡ್ಡ ಕೆಲಸವಾಗಿದೆ. ಇಷ್ಟಾದರೂ ಮಗುವಿಗೆ ಓದಲು ಎಲ್ಲಿ ಕಷ್ಟವಾಗುತ್ತಿದೆ ಎಂದು ಕೇಳಿದರೆ ಬಹಳಷ್ಟು ಪೋಷಕರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ನೀವು ಹೊಸದಾಗಿ ವ್ಯವಸ್ಥೆ ಮಾಡಿಕೊಳ್ಳುವಾಗ ಸಂದೇಶಗಳ ಸಂಖ್ಯೆಯನ್ನು ಹೆಚ್ಚಿಸಲು ಹೋಗಬೇಡಿ. ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳುಹಿಸುವಂತೆ ಬದಲಾಯಿಸಿದರೆ ಶುಭಾಶಯಗಳ ಕಾಟ ಅಂದೇ ನಿಲ್ಲುತ್ತದೆ. ಪೋಷಕರು ಕೇಳಬೇಕಾದದ್ದನ್ನು ನಿಮಗೆ ನೇರವಾಗಿ ಕೇಳಲಿ. ಒಂದು ಮಗುವಿನ ಹೆಸರಾಗಲಿ, ದರ್ಜೆಯಾಗಲಿ, ತಪ್ಪಾಗಲಿ ಗುಂಪಿನಲ್ಲಿ ಎಂದಿಗೂ ಬರಬಾರದು. ಹೊಗಳಿಕೆಯೂ ಬೇಡ, ಏಕೆಂದರೆ ಒಬ್ಬರನ್ನು ಹೊಗಳಿದ ಸಂಜೆ ಉಳಿದವರ ಮನೆಗಳಲ್ಲಿ ಮಕ್ಕಳಿಗೆ ಬೈಗುಳ ಬೀಳುತ್ತದೆ. ಫೋಟೊ ಹಾಕುವ ಮುನ್ನ ಪೋಷಕರ ಒಪ್ಪಿಗೆಯನ್ನು ವರ್ಷದ ಆರಂಭದಲ್ಲೇ ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಕ್ಷೇಮ.

ಶಿಡ್ಲಘಟ್ಟದ ಶಿಕ್ಷಕಿ ಮತ್ತೆ ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದಗಳು. ತರಗತಿಗೆ ಕರೆಯುವುದನ್ನೂ ಕೇರಿಯ ಕೂಟಗಳನ್ನೂ ಜೋಡಿಸಿ ನೋಡುತ್ತೇನೆ. ಯಾವ ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ ಎಂಬುದು ನಮ್ಮ ಮಕ್ಕಳಿಗೆ ಬಾಯಿಪಾಠವಿರುತ್ತದೆ. ಅವರನ್ನೇ ಕೇಳಿ, ಗೂಡು ಮಾರಿ ಬಂದ ಮೇಲೆ ಮುಂದಿನ ಚಾಕಿ ಹುಳು (ಎಳೆಯ ಮರಿಹುಳು) ತರುವ ಮೊದಲಿನ ಬಿಡುವಿನಲ್ಲಿ ಆಯಾ ಮನೆಯವರನ್ನು ಕರೆಯಬಹುದೆಂದು ಹೊಳೆದಿದೆ. ಹಾಗೆ ಮಾಡಿದರೆ ಎಲ್ಲರಿಗೂ ಒಂದೇ ದಿನವೆಂಬ ಕಟ್ಟು ಇರುವುದಿಲ್ಲ. ಧ್ವನಿ ಸಂದೇಶವನ್ನು ತೆಲುಗಿನಲ್ಲಿ ನಾನೇ ಹೇಳಬಲ್ಲೆ, ಆದರೆ ಉರ್ದು ನನಗೆ ಬರುವುದಿಲ್ಲ. ಅದಕ್ಕೆ ಏನಾದರೂ ದಾರಿ ಇದೆಯೇ? ಮೊಬೈಲಿನ ಅನುವಾದವನ್ನು ನಂಬಲು ಧೈರ್ಯ ಸಾಲುತ್ತಿಲ್ಲ.

ಪಾವಗಡದ ಶಿಕ್ಷಕ ಉತ್ತರಿಸಿದ್ದಾರೆ:

ಅನುವಾದದ ಆ್ಯಪ್ ಬೇಡ ಮೇಡಂ. ಹತ್ತಿರದಲ್ಲಿ ಉರ್ದು ಶಾಲೆಯಿದ್ದರೆ ಅಲ್ಲಿನ ಶಿಕ್ಷಕರೊಬ್ಬರನ್ನು, ಇಲ್ಲವಾದರೆ ಓದಿದ ಪೋಷಕರೊಬ್ಬರನ್ನು ಕೇಳಿಕೊಳ್ಳಿ. ನೀವು ಕನ್ನಡದಲ್ಲಿ ಹೇಳಿದ್ದನ್ನು ಅವರು ಉರ್ದುವಿನಲ್ಲಿ ಹೇಳಿ ಕಳುಹಿಸುತ್ತಾರೆ. ಸಾಮಾನ್ಯ ಸೂಚನೆಗಳಿಗೆ ಮಾತ್ರ ಅವರ ನೆರವು ಪಡೆಯಿರಿ. ಒಂದು ಮಗುವಿನ ಕಲಿಕೆಯ ತೊಂದರೆಯನ್ನು ಹೇಳಬೇಕಾದಾಗ ನೆರೆಹೊರೆಯವರ ಬಾಯಿಂದ ಹೇಳಿಸಬೇಡಿ, ಮನೆಯವರನ್ನೇ ಕೂರಿಸಿಕೊಂಡು, ನಿಮಗೂ ಅವರಿಗೂ ಬರುವಷ್ಟು ಭಾಷೆಯಲ್ಲಿ, ಮಗುವಿನ ಹಾಳೆಗಳನ್ನು ತೋರಿಸುತ್ತ ಹೇಳಿ. ಆ ಮಗುವನ್ನೇ ದುಭಾಷಿಯನ್ನಾಗಿ ಮಾಡಿಕೊಳ್ಳುವುದಂತೂ ಬೇಡ. ತನಗೆ ಬೇಡವಾದದ್ದನ್ನು ಅದು ಅನುವಾದಿಸುವುದಿಲ್ಲ.